ಮಧುಮೇಹ ಇರುವವರ ಹೊಟ್ಟೆಯಲ್ಲಿ ಅನ್ಯೂರಿಸಂ: ಅರ್ಧ ಮಿಲಿಮೀಟರಿನ ಲೆಕ್ಕ ಮತ್ತು ಮಾಡಬೇಕಾದ ಕೆಲಸ

ಮೂತ್ರಪಿಂಡದ ಕಲ್ಲಿಗೋ ಪಿತ್ತಕೋಶದ ನೋವಿಗೋ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತೀರಿ. ವರದಿಯಲ್ಲಿ ಕಲ್ಲಿನ ಸುದ್ದಿಯೇ ಇರುವುದಿಲ್ಲ. ಬದಲಿಗೆ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಹೊಟ್ಟೆಯ ಮಹಾಪಧಮನಿ 4.0 ಸೆಂ.ಮೀ. ಅಗಲಕ್ಕೆ ಹಿಗ್ಗಿದೆ. ಅನ್ಯೂರಿಸಂ ಎಂಬ ಪದ ಹೆಚ್ಚಿನವರ ಮನೆಗೆ ಕಾಲಿಡುವುದು ಹೀಗೆಯೇ, ಬೇರೆ ಯಾವುದನ್ನೋ ಹುಡುಕಲು ಹೋದಾಗ. ಅದಕ್ಕೆ ನೋವಿಲ್ಲ, ಜ್ವರವಿಲ್ಲ, ಮುನ್ಸೂಚನೆಯೂ ಇಲ್ಲ.

ಮೊದಲೇ ಮಧುಮೇಹ ಇದ್ದವರಾದರೆ ಗಾಬರಿ ಎರಡು ಪಟ್ಟಾಗುತ್ತದೆ. ಕಣ್ಣು, ಮೂತ್ರಪಿಂಡ, ಕಾಲು, ಹೃದಯ ಎಲ್ಲವನ್ನೂ ಕಾಡುವ ಸಕ್ಕರೆ ಕಾಯಿಲೆ ಇದನ್ನೂ ಬೆಳೆಸುತ್ತದೆ ಎಂದು ಎಣಿಸುವುದು ಸಹಜ. ಆದರೆ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಉತ್ತರ ತದ್ವಿರುದ್ಧ: ಮಧುಮೇಹಿಗಳಲ್ಲಿ ಈ ಉಬ್ಬು ನಿಧಾನವಾಗಿ ಬೆಳೆಯುತ್ತದೆ. ಈ ಮಾತು ನಿಜ. ಅದನ್ನು ಓದಿ ನೆಮ್ಮದಿಯಿಂದ ಮುಂದಿನ ಸ್ಕ್ಯಾನ್ ತಪ್ಪಿಸುವವರು ಇದ್ದಾರಲ್ಲ, ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಸಂಖ್ಯೆಯನ್ನು ಓದಲು ಕಲಿಯಿರಿ

ಹೃದಯದಿಂದ ಹೊರಟ ಮಹಾಪಧಮನಿ ಎದೆಯನ್ನು ದಾಟಿ, ಬೆನ್ನುಮೂಳೆಗೆ ಒರಗಿಕೊಂಡು ಹೊಟ್ಟೆಯೊಳಗೆ ಇಳಿಯುತ್ತದೆ. ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆಗೆ ಹೋಗುತ್ತದೆ. ಮೂತ್ರಪಿಂಡಗಳಿಗೆ ರಕ್ತ ಒಯ್ಯುವ ನಾಳಗಳ ಕೆಳಗೆ ಇದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎನ್ನುತ್ತಾರೆ. ಸೈಕಲ್ ಟ್ಯೂಬಿನ ಒಂದು ಕಡೆ ರಬ್ಬರು ಸವೆದು ಉಬ್ಬಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಡೆಯೊಳಗಿನ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಇಲಾಸ್ಟಿನ್ ಎಳೆಗಳು ಕರಗಿ, ಹಗ್ಗದಂಥ ಗಟ್ಟಿ ಎಳೆಯಾದ ಕೊಲಾಜನ್ ಒಂದೇ ಭಾರ ಹೊರುತ್ತದೆ. ಪ್ರತಿ ಹೃದಯಬಡಿತದ ಒತ್ತಡಕ್ಕೂ ಗೋಡೆ ಸ್ವಲ್ಪ ಸ್ವಲ್ಪ ಸೋಲುತ್ತದೆ.

ಅಪಾಯವನ್ನು ಅಗಲದಿಂದಲೇ ಅಳೆಯುತ್ತಾರೆ. ಪುರುಷರಲ್ಲಿ 5.5 ಸೆಂ.ಮೀ. ತಲುಪಿದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದಕ್ಕಿಂತ ಚಿಕ್ಕದರಲ್ಲಿ ಕತ್ತರಿ ಹಿಡಿಯುವುದರಿಂದ ಆಯಸ್ಸು ಹೆಚ್ಚುವುದಿಲ್ಲವೆಂದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ನಡೆದ ದೊಡ್ಡ ಪ್ರಯೋಗಗಳು ತೋರಿಸಿವೆ. ಮಹಿಳೆಯರಲ್ಲಿ ಚಿಕ್ಕ ಅಳತೆಯಲ್ಲೇ ಒಡೆಯುವ ಸಂಭವ ಹೆಚ್ಚಾದ್ದರಿಂದ ಅವರಿಗೆ 5 ಸೆಂ.ಮೀ. ಹೊತ್ತಿಗೇ ಚರ್ಚೆ ಆರಂಭವಾಗುತ್ತದೆ. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಈ ಗಡಿಗಳಲ್ಲಿ ಮಧುಮೇಹಿಗಳಿಗೆಂದು ಬೇರೆ ಅಂಕಿ ಇಲ್ಲ. ಬೆಳವಣಿಗೆ ನಿಧಾನವಿದ್ದೀತು, ಗಡಿ ಮಾತ್ರ ಎಲ್ಲರಿಗೂ ಒಂದೇ.

ಮಧುಮೇಹ ಎಷ್ಟು ನಿಧಾನಗೊಳಿಸುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ

1997ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ವೈದ್ಯರು 50ರಿಂದ 79 ವಯಸ್ಸಿನ 73,451 ಜನರ ಹೊಟ್ಟೆಯ ಸ್ಕ್ಯಾನ್ ಫಲಿತಾಂಶ ಪ್ರಕಟಿಸಿದರು. ಸಿಗರೇಟು ಸೇದಿದವರಲ್ಲಿ ಅನ್ಯೂರಿಸಂ ಹೆಚ್ಚು ಸಿಕ್ಕಿತು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆದರೆ ಮಧುಮೇಹ ಇದ್ದವರಲ್ಲಿ 4 ಸೆಂ.ಮೀ. ದಾಟಿದ ಉಬ್ಬಿನ ಸಾಧ್ಯತೆ ಉಳಿದವರ ಸುಮಾರು ಅರ್ಧದಷ್ಟೇ ಇತ್ತು. ಮೊದಮೊದಲು ಇದು ಲೆಕ್ಕದ ತಪ್ಪಿರಬಹುದೆಂದು ಅನುಮಾನಿಸಿದವರು ಕಡಿಮೆಯಿರಲಿಲ್ಲ. ಮತ್ತೆ ಮತ್ತೆ, ಬೇರೆ ಬೇರೆ ದೇಶಗಳಲ್ಲಿ ಅದೇ ಉತ್ತರ ಬಂದಮೇಲೆ ಒಪ್ಪದೆ ಬೇರೆ ದಾರಿ ಉಳಿಯಲಿಲ್ಲ.

ಬೆಳವಣಿಗೆಯ ವೇಗದ ಬಗ್ಗೆ ನನಗೆ ಹೆಚ್ಚು ಉಪಯುಕ್ತವೆನಿಸುವುದು 2012ರಲ್ಲಿ ಹೊರಬಂದ ಒಂದು ವಿಶ್ಲೇಷಣೆ. 18 ಅಧ್ಯಯನಗಳ 15,475 ರೋಗಿಗಳ ಅಳತೆಗಳನ್ನು ಒಬ್ಬೊಬ್ಬರದಾಗಿ ಕೂಡಿಸಿ ನೋಡಿದ ಲೆಕ್ಕ ಅದು. ಚಿಕ್ಕ ಅನ್ಯೂರಿಸಂ ವರ್ಷಕ್ಕೆ ಸರಾಸರಿ 2.2 ಮಿ.ಮೀ. ಬೆಳೆಯುತ್ತದೆ. ಮಧುಮೇಹ ಇದ್ದರೆ ಅದರಲ್ಲಿ 0.51 ಮಿ.ಮೀ. ಕಡಿಮೆ. ಸಿಗರೇಟು ಸೇದುತ್ತಿದ್ದರೆ 0.35 ಮಿ.ಮೀ. ಹೆಚ್ಚು.

ಈಗ ಪೆನ್ನು ತೆಗೆದುಕೊಳ್ಳಿ. 4.0 ಸೆಂ.ಮೀ. ಉಬ್ಬು 5.5 ಸೆಂ.ಮೀ. ಆಗಲು 15 ಮಿ.ಮೀ. ದಾರಿ ಕ್ರಮಿಸಬೇಕು. ವರ್ಷಕ್ಕೆ 2.2ರಂತೆ ಸುಮಾರು ಏಳು ವರ್ಷ. ಮಧುಮೇಹಿಯ 1.7ರಂತೆ ಹತ್ತಿರಹತ್ತಿರ ಒಂಬತ್ತು ವರ್ಷ. ಎರಡು ವರ್ಷದ ಲಾಭ! ಅರವತ್ತೆಂಟರ ವಯಸ್ಸಿನಲ್ಲಿ ಅದೇನೂ ಕಡಿಮೆಯಲ್ಲ. ಆದರೆ ಅದೇ ಮನುಷ್ಯ ಸಿಗರೇಟು ಬಿಡದಿದ್ದರೆ? ಮಧುಮೇಹ ಉಳಿಸಿಕೊಟ್ಟ 0.51ರಲ್ಲಿ ಸಿಗರೇಟು 0.35 ಕಿತ್ತುಕೊಂಡು, ಕೈಯಲ್ಲಿ ಉಳಿಯುವುದು 0.16. ಬೆಳವಣಿಗೆಯ ಮಾತು ಹಾಗಿರಲಿ, ಧೂಮಪಾನಿಗಳಲ್ಲಿ ಉಬ್ಬು ಒಡೆಯುವ ಅಪಾಯವೇ ಎರಡು ಪಟ್ಟು ಎಂದು ಅದೇ ವಿಶ್ಲೇಷಣೆ ಹೇಳಿತು. ಮಹಿಳೆಯರಲ್ಲಿ ಪುರುಷರ ನಾಲ್ಕು ಪಟ್ಟು.

ಈ ಲೆಕ್ಕದಲ್ಲಿ ಒಂದು ಮೋಸವಿದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಬೆಳವಣಿಗೆ ಸರಳರೇಖೆಯಲ್ಲಿ ಸಾಗುವುದಿಲ್ಲ. ಪುರುಷರಲ್ಲಿ 3 ಸೆಂ.ಮೀ. ಇದ್ದಾಗ ವರ್ಷಕ್ಕೆ 1.3 ಮಿ.ಮೀ. ಇದ್ದ ವೇಗ, 5 ಸೆಂ.ಮೀ. ಹೊತ್ತಿಗೆ 3.6 ಮಿ.ಮೀ. ಆಗಿರುತ್ತದೆ. ದೊಡ್ಡದಾದಷ್ಟೂ ಅವಸರ. ಇನ್ನೊಂದು, ಇವೆಲ್ಲ ಸಾವಿರಾರು ಜನರ ಸರಾಸರಿ. ನಿಮ್ಮ ಮಹಾಪಧಮನಿ ಆ ಸರಾಸರಿಯನ್ನು ಓದಿಕೊಂಡಿರುವುದಿಲ್ಲ. ಮಧುಮೇಹಿಗಳಲ್ಲೂ ಬೇಗ ಬೆಳೆದ ಉಬ್ಬುಗಳಿವೆ, ಮಧುಮೇಹವಿಲ್ಲದೆಯೂ ಹತ್ತು ವರ್ಷ ಅಲುಗದೆ ಕುಳಿತವುಗಳಿವೆ.

ಏಕೆ ನಿಧಾನ ಎಂಬುದನ್ನು ತಿಳಿದುಕೊಳ್ಳಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಅದು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯಲು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ಇದನ್ನೇ, ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಅದೇ ಅಂಟು ರಕ್ತನಾಳದ ಗೋಡೆಯ ಕೊಲಾಜನ್ ಎಳೆಗಳಿಗೂ ಹತ್ತಿ, ಒಂದನ್ನೊಂದು ಅಡ್ಡಡ್ಡ ಬೆಸೆದುಬಿಡುತ್ತದೆ. ಗೋಡೆ ಗಡುಸಾಗುತ್ತದೆ. ಅನ್ಯೂರಿಸಂ ಬೆಳೆಯಬೇಕಾದರೆ ಕೆಲವು ಕಿಣ್ವಗಳು ಆ ಎಳೆಗಳನ್ನು ಕತ್ತರಿಸಬೇಕು. ಬೆಸೆದುಕೊಂಡ ಎಳೆಗಳು ಆ ಕತ್ತರಿಗೆ ಸುಲಭವಾಗಿ ಸಿಗುವುದಿಲ್ಲ. ಗೋಡೆಯೊಳಗಿನ ಉರಿಯೂತವೂ ಮಧುಮೇಹದಲ್ಲಿ ಬೇರೆ ಬಗೆಯಲ್ಲಿ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಮಧುಮೇಹ ಬರಿಸಿ ನೋಡಿದಾಗಲೂ ಅವುಗಳ ಉಬ್ಬು ಚಿಕ್ಕದಾಗಿಯೇ ಉಳಿಯಿತು.

ಅಂದರೆ ಕಾಲಿನ ನಾಳವನ್ನು ಗಡುಸಾಗಿಸಿ ಮುಚ್ಚುವ ಕೆಲಸವೇ ಹೊಟ್ಟೆಯ ನಾಳದಲ್ಲಿ ಉಬ್ಬನ್ನು ತಡೆಯುತ್ತಿದೆ. ತುಕ್ಕು ಹಿಡಿದ ಬೀಗ ಕಳ್ಳನಿಗೂ ತೆರೆಯಲಿಲ್ಲ ಎಂಬಂತೆ. ಮನೆಯವರಿಗೆ ಆ ಬೀಗದಿಂದ ಆಗುವ ತೊಂದರೆ ಬೇರೆಯೇ.

ವಿವರಣೆ ಇಷ್ಟಕ್ಕೇ ಮುಗಿದಿದ್ದರೆ ಸರಳವಿತ್ತು. ಆದರೆ ಮಧುಮೇಹಿಗಳು ಮಾತ್ರೆಗಳನ್ನೂ ನುಂಗುತ್ತಾರೆ. ನಿಧಾನಗೊಳಿಸಿದ್ದು ಕಾಯಿಲೆಯೋ, ಮಾತ್ರೆಯೋ?

ಮೆಟ್‌ಫಾರ್ಮಿನ್ ಬಗ್ಗೆ ವೈದ್ಯರನ್ನು ಕೇಳಿ, ಔಷಧದ ಅಂಗಡಿಯವರನ್ನಲ್ಲ

ಎರಡನೇ ಬಗೆಯ ಮಧುಮೇಹಕ್ಕೆ ಹೆಚ್ಚಿನವರಿಗೆ ಮೊದಲು ಬರೆದುಕೊಡುವ ಮಾತ್ರೆ ಮೆಟ್‌ಫಾರ್ಮಿನ್. ಅಗ್ಗದ, ಹಳೆಯ, ಚೆನ್ನಾಗಿ ಪಳಗಿದ ಔಷಧ. ಅದನ್ನು ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಉಬ್ಬು ಇನ್ನಷ್ಟು ನಿಧಾನವಾಗಿ ಬೆಳೆಯುತ್ತದೆ ಎಂದು 2016ರಿಂದ ಈಚೆಗೆ ಹಲವು ಅಧ್ಯಯನಗಳು ಹೇಳಿವೆ. ಆಸ್ಟ್ರೇಲಿಯ, ನ್ಯೂಜಿಲೆಂಡ್ ರೋಗಿಗಳ ಮೇಲೆ 2017ರಲ್ಲಿ ಬಂದ ಒಂದರಲ್ಲಂತೂ ನಿಧಾನಗತಿಯ ಯಶಸ್ಸು ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೇ ಕಂಡಿತು. ಬೇರೆ ಮಾತ್ರೆಗಳಲ್ಲಿದ್ದ ಮಧುಮೇಹಿಗಳಲ್ಲಿ ಅದು ಎದ್ದು ಕಾಣಲಿಲ್ಲ. ಈ ಔಷಧ ಉರಿಯೂತವನ್ನು ತಗ್ಗಿಸುತ್ತದೆ, ಗೋಡೆಯ ಎಳೆ ಕತ್ತರಿಸುವ ಕಿಣ್ವಗಳನ್ನು ಹದ್ದಿನಲ್ಲಿಡುತ್ತದೆ ಎಂಬುದು ಪ್ರಾಣಿಗಳಲ್ಲಿ ಕಂಡ ಮಾತು.

ಇವೆಲ್ಲ ನೋಡಿ ಬರೆದುಕೊಂಡ ಅಧ್ಯಯನಗಳು, ಚೀಟಿ ಎತ್ತಿ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಬರಿಯ ಹಿಟ್ಟಿನ ಮಾತ್ರೆ ಕೊಟ್ಟು ಪರೀಕ್ಷಿಸಿದವುಗಳಲ್ಲ. ಮೆಟ್‌ಫಾರ್ಮಿನ್ ಸಿಗುವುದು ಸಾಮಾನ್ಯವಾಗಿ ಮೂತ್ರಪಿಂಡ ಗಟ್ಟಿಯಾಗಿರುವವರಿಗೆ, ಅಂದರೆ ಒಟ್ಟಾರೆ ಆರೋಗ್ಯ ಚೆನ್ನಾಗಿರುವವರಿಗೆ. ಲಾಭ ಅಲ್ಲಿಂದಲೇ ಬಂದಿರಬಹುದು. ಹಾಗಾಗಿಯೇ ಆಸ್ಟ್ರೇಲಿಯ, ಸ್ವೀಡನ್, ಆಸ್ಟ್ರಿಯ, ಅಮೆರಿಕಗಳಲ್ಲಿ ಮಧುಮೇಹವಿಲ್ಲದ ಅನ್ಯೂರಿಸಂ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟು ನೋಡುವ ಪ್ರಯೋಗಗಳನ್ನು ಕೈಗೆತ್ತಿಕೊಂಡರು. ಇಂಥ ಭರವಸೆ ಹಿಂದೆಯೂ ಹುಸಿಯಾಗಿದೆ: ಪ್ರಾಣಿಗಳಲ್ಲಿ ಗೆದ್ದ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ 2020ರಲ್ಲಿ ಪ್ರಕಟವಾದ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಏನೂ ಮಾಡಲಿಲ್ಲ. ಬಿ.ಪಿ. ಮಾತ್ರೆಯಾದ ಪ್ರೊಪ್ರನೊಲಾಲ್ ಕಥೆಯೂ ಅಷ್ಟೇ.

ನೀವು ಮಾಡಬೇಕಾದದ್ದು ಇಷ್ಟು. ಮೆಟ್‌ಫಾರ್ಮಿನ್ ಈಗಾಗಲೇ ತೆಗೆದುಕೊಳ್ಳುತ್ತಿದ್ದು ಅದು ನಿಮಗೆ ಒಗ್ಗಿದ್ದರೆ, ಯಾರೋ ಹೇಳಿದರೆಂದು ಬಿಡಬೇಡಿ. ಬೇರೆ ಮಾತ್ರೆಗೆ ಬದಲಿಸುವ ಮಾತು ಬಂದಾಗ "ನನಗೆ ಹೊಟ್ಟೆಯಲ್ಲಿ ಅನ್ಯೂರಿಸಂ ಇದೆ, ಇದನ್ನು ಉಳಿಸಿಕೊಳ್ಳಲು ಸಾಧ್ಯವೇ?" ಎಂದು ಕೇಳಿ. ಮಧುಮೇಹವಿಲ್ಲದ ನಿಮ್ಮ ಅಣ್ಣನಿಗೂ ಉಬ್ಬಿದೆಯೆಂದು ನಿಮ್ಮ ಡಬ್ಬಿಯಿಂದ ಮಾತ್ರೆ ತೆಗೆದು ಕೊಡಬೇಡಿ. ಅಣ್ಣನಿಗೆ ಕೊಡಬೇಕಾದದ್ದು ಬೇರೆ ಇದೆ: ಈ ಉಬ್ಬು ಕುಟುಂಬಗಳಲ್ಲಿ ಹರಿದುಬರುತ್ತದೆ, ಹೋಗಿ ಒಂದು ಸ್ಕ್ಯಾನ್ ಮಾಡಿಸು ಎಂಬ ಸಲಹೆ.

ಸಕ್ಕರೆಯ ಹತೋಟಿ ಬಿಟ್ಟುಬಿಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ

"ಸಕ್ಕರೆ ಗೋಡೆಯನ್ನು ಗಟ್ಟಿ ಮಾಡುತ್ತದೆ ಎಂದಾದರೆ ಸ್ವಲ್ಪ ಜಾಸ್ತಿ ಇದ್ದರೇನಂತೆ?" ಇದು ಹುಚ್ಚು ಪ್ರಶ್ನೆಯಲ್ಲ, ಮೇಲಿನದನ್ನೆಲ್ಲ ಓದಿದ ಯಾರಿಗಾದರೂ ಬರಬಹುದಾದದ್ದು. ಉತ್ತರವೂ ನೇರವಾಗಿದೆ. ಚಿಕ್ಕ ಅನ್ಯೂರಿಸಂ ಇರುವವರು ಹೆಚ್ಚಾಗಿ ಸಾಯುವುದು ಅದು ಒಡೆದು ಅಲ್ಲ, ಹೃದಯಾಘಾತ, ಪಾರ್ಶ್ವವಾಯುಗಳಂಥ ಬೇರೆ ಕಾರಣಗಳಿಂದ. ಮಧುಮೇಹ ಬಲ ಕೊಡುವುದು ಅವಕ್ಕೇ. ಅನ್ಯೂರಿಸಂ ದುರಸ್ತಿಯಾದ ಮೇಲೂ ಮಧುಮೇಹಿಗಳ ದೀರ್ಘಾವಧಿಯ ಬದುಕು ಉಳಿದವರಿಗಿಂತ ಕಡಿಮೆಯೇ. ಉಬ್ಬಿನಲ್ಲಿ ಅರ್ಧ ಮಿಲಿಮೀಟರ್ ಉಳಿಸಲು ಹೃದಯವನ್ನು ಒತ್ತೆ ಇಡುವುದು ಮೂಗುತಿ ಉಳಿಸಿಕೊಳ್ಳಲು ಮೂಗನ್ನೇ ಕೊಟ್ಟಂತೆ. ನಿಮ್ಮ ಎಚ್‌ಬಿಎ1ಸಿ ಗುರಿ ಎಷ್ಟೆಂದು ವೈದ್ಯರು ವಯಸ್ಸು, ಮೂತ್ರಪಿಂಡ, ಸಕ್ಕರೆ ಕುಸಿಯುವ ಅಪಾಯ ನೋಡಿ ನಿಗದಿಪಡಿಸುತ್ತಾರೆ. ಅನ್ಯೂರಿಸಂ ಇದೆಯೆಂದು ಆ ಗುರಿ ಸಡಿಲವಾಗುವುದಿಲ್ಲ.

ಸ್ಕ್ಯಾನ್ ದಿನವನ್ನು ಮೊದಲೇ ಯೋಜಿಸಿ

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘ 2018ರಲ್ಲಿ ಹೇಳಿದ್ದು ಹೀಗೆ: 3.0ರಿಂದ 3.9 ಸೆಂ.ಮೀ. ಇದ್ದರೆ ಮೂರು ವರ್ಷಕ್ಕೊಮ್ಮೆ, 4.0ರಿಂದ 4.9 ಇದ್ದರೆ ವರ್ಷಕ್ಕೊಮ್ಮೆ, 5.0ರಿಂದ 5.4 ಇದ್ದರೆ ಆರು ತಿಂಗಳಿಗೊಮ್ಮೆ. ಬ್ರಿಟನ್ನಿನ ತಪಾಸಣಾ ಯೋಜನೆ ಇನ್ನೂ ಬಿಗಿ: 4.4ರವರೆಗೆ ವರ್ಷಕ್ಕೊಮ್ಮೆ, 4.5ರ ಮೇಲೆ ಮೂರು ತಿಂಗಳಿಗೊಮ್ಮೆ. ನಿಮ್ಮ ವೈದ್ಯರು ಯಾವುದನ್ನು ಅನುಸರಿಸಿದರೂ ಸರಿ, ಮಧುಮೇಹದ ಹೆಸರಿನಲ್ಲಿ ಅಂತರವನ್ನು ನೀವಾಗಿ ಹಿಗ್ಗಿಸಬೇಡಿ.

ಈಗ ಅಲ್ಟ್ರಾಸೌಂಡ್ ಕೋಣೆಯೊಳಗೆ ಹೋಗೋಣ. ತಂತ್ರಜ್ಞೆ ತಣ್ಣನೆಯ ಜೆಲ್ ಹಚ್ಚಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಉಪಕರಣವನ್ನು ಒತ್ತುತ್ತಾರೆ. ಪರದೆಯ ಮೇಲೆ ಬೆನ್ನುಮೂಳೆಯ ಬಿಳಿ ಕಮಾನು, ಅದರ ಮುಂದೆ ಕಪ್ಪು ವೃತ್ತ. ಆ ವೃತ್ತದ ಒಂದು ಅಂಚಿಗೆ ಒಂದು ಚುಕ್ಕೆ, ಎದುರಿನ ಅಂಚಿಗೆ ಇನ್ನೊಂದು ಚುಕ್ಕೆ ಇಡುತ್ತಾರೆ. ಯಂತ್ರ ನಡುವಿನ ಅಂತರವನ್ನು ತೋರಿಸುತ್ತದೆ: 41.2 ಮಿ.ಮೀ. ಚುಕ್ಕೆಯನ್ನು ಗೋಡೆಯ ಹೊರ ಅಂಚಿಗೆ ಇಟ್ಟರೆ ಒಂದು ಸಂಖ್ಯೆ, ಒಳ ಅಂಚಿಗೆ ಇಟ್ಟರೆ ಕೆಲವು ಮಿಲಿಮೀಟರ್ ಚಿಕ್ಕ ಸಂಖ್ಯೆ. ವೃತ್ತವನ್ನು ನೇರವಾಗಿ ಕತ್ತರಿಸದೆ ತುಸು ಓರೆಯಾಗಿ ಕತ್ತರಿಸಿದರೆ ಅದು ಮೊಟ್ಟೆಯಾಕಾರವಾಗಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇಬ್ಬರು ಅನುಭವಿಗಳು ಒಂದೇ ದಿನ ಅಳೆದರೂ ಎರಡು ಮೂರು ಮಿ.ಮೀ. ವ್ಯತ್ಯಾಸ ಬರುವುದು ಮಾಮೂಲು.

ಮಧುಮೇಹದ ಇಡೀ ಲಾಭ ವರ್ಷಕ್ಕೆ ಅರ್ಧ ಮಿಲಿಮೀಟರ್ ಎಂದು ನೆನಪಿದೆಯಲ್ಲ? ಚುಕ್ಕೆ ಇಡುವ ಕೈ ತುಸು ಜಾರಿದರೆ ನಾಲ್ಕಾರು ವರ್ಷದ ಲಾಭ ಆ ಜಾರುವಿಕೆಯಲ್ಲೇ ಮುಳುಗಿಹೋಗುತ್ತದೆ. ಸಾವಿರಾರು ಜನರನ್ನು ಕೂಡಿಸಿದಾಗ ಮಾತ್ರ ಕಾಣುವ ಸಂಗತಿ ಅದು, ನಿಮ್ಮೊಬ್ಬರ ವರದಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. "ಈ ಬಾರಿ ಒಂದೂ ಮಿ.ಮೀ. ಬೆಳೆದಿಲ್ಲ, ಮಧುಮೇಹ ಕಾಪಾಡಿತು" ಎನ್ನುವುದಕ್ಕೂ "ಮೂರು ಮಿ.ಮೀ. ಬೆಳೆಯಿತು, ಮುಗಿಯಿತು" ಎನ್ನುವುದಕ್ಕೂ ಆಧಾರ ಒಂದೇ ಅಳತೆಯಲ್ಲಿ ಇರುವುದಿಲ್ಲ.

ಹಾಗಾಗಿ ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕೇಂದ್ರದಲ್ಲಿ, ಒಂದೇ ಬಗೆಯ ಯಂತ್ರದಲ್ಲಿ ಮಾಡಿಸಿ. ಹಳೆಯ ವರದಿಯನ್ನು ಜೊತೆಗೆ ಒಯ್ದು, ಒಳ ಅಂಚಿನಿಂದ ಅಳೆದದ್ದೋ ಹೊರ ಅಂಚಿನಿಂದಲೋ ಎಂದು ಕೇಳಿ ವರದಿಯಲ್ಲೇ ಬರೆಸಿಕೊಳ್ಳಿ. ಅಲ್ಟ್ರಾಸೌಂಡಿನ ಸಂಖ್ಯೆಯನ್ನು ಸಿ.ಟಿ. ಸ್ಕ್ಯಾನಿನ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸಬೇಡಿ, ಸಿ.ಟಿ. ಸಾಮಾನ್ಯವಾಗಿ ದೊಡ್ಡದನ್ನೇ ಹೇಳುತ್ತದೆ. ಅಳತೆ ನಿಜವಾಗಿಯೂ ಆರು ತಿಂಗಳಲ್ಲಿ 5 ಮಿ.ಮೀ. ಅಥವಾ ವರ್ಷದಲ್ಲಿ 10 ಮಿ.ಮೀ. ಜಿಗಿದಿದ್ದರೆ ಮುಂದಿನ ಸ್ಕ್ಯಾನಿನವರೆಗೆ ಕಾಯದೆ ರಕ್ತನಾಳ ತಜ್ಞರನ್ನು ಕಾಣಿ.

ಇನ್ನು ಉಪವಾಸದ ಮಾತು. ಕರುಳಿನ ಗಾಳಿ ಪರದೆಯನ್ನು ಮಬ್ಬಾಗಿಸುತ್ತದೆ ಎಂದು ಕೆಲವು ಕೇಂದ್ರಗಳು ಆರೆಂಟು ಗಂಟೆ ಏನೂ ತಿನ್ನದೆ ಬರಲು ಹೇಳುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಬಗೆಯ ಮಾತ್ರೆ ನುಂಗುವವರು ಎಂದಿನ ಡೋಸ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ಕುಳಿತರೆ ಸಕ್ಕರೆ ಕುಸಿದು ಅಲ್ಲೇ ಬೀಳಬಹುದು. ಸಮಯ ಗೊತ್ತುಮಾಡುವಾಗಲೇ ಮಧುಮೇಹ ಇದೆಯೆಂದು ಹೇಳಿ ಬೆಳಗಿನ ಮೊದಲ ಸರದಿ ಕೇಳಿ. ಆ ದಿನದ ಡೋಸ್ ಎಷ್ಟು, ಯಾವಾಗ ಎಂದು ಹಿಂದಿನ ದಿನವೇ ವೈದ್ಯರಿಂದ ತಿಳಿದುಕೊಳ್ಳಿ. ಗ್ಲೂಕೋಮೀಟರು, ಗ್ಲೂಕೋಸು ಚೀಲದಲ್ಲಿರಲಿ. ಉಪವಾಸ ಕಡ್ಡಾಯವೇ ಎಂದೂ ಕೇಳಿ ನೋಡಿ, ಬರಿಯ ಮಹಾಪಧಮನಿ ಅಳೆಯಲು ಅದು ಬೇಡವೆನ್ನುವ ಕೇಂದ್ರಗಳೂ ಇವೆ.

ಸಿಗರೇಟು, ಬಿ.ಪಿ., ಕೊಲೆಸ್ಟರಾಲ್

ಇಲ್ಲಿ ಹೊಸದೇನಿಲ್ಲ, ಆದರೆ ನಿಮ್ಮ ಕೈಯಲ್ಲಿರುವುದು ಇಷ್ಟೇ. ತಂಬಾಕು ಪೂರ್ತಿ ಬಿಡಬೇಕು. ಉಬ್ಬು ಬೆಳೆಯುವ ವೇಗವನ್ನು ನೀವಾಗಿ ತಗ್ಗಿಸಬಲ್ಲ ಕೆಲಸ ಸದ್ಯಕ್ಕೆ ಅದೊಂದೇ. ರಕ್ತದೊತ್ತಡ ಹತೋಟಿಯಲ್ಲಿರಬೇಕು, ಒಡೆಯುವ ಅಪಾಯಕ್ಕೂ ಅದಕ್ಕೂ ನೇರ ನಂಟಿದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದು ಮುಖ್ಯವಾಗಿ ಹೃದಯಕ್ಕಾಗಿ, ಮಧುಮೇಹ ಮತ್ತು ಅನ್ಯೂರಿಸಂ ಎರಡೂ ಇರುವವರಿಗೆ ಅದರ ಅಗತ್ಯ ಹೆಚ್ಚು. ನಡಿಗೆ ಒಳ್ಳೆಯದು, ಉಬ್ಬು ಒಡೆದೀತೆಂದು ಹೆದರಿ ಹಾಸಿಗೆ ಹಿಡಿಯಬೇಕಿಲ್ಲ. ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ಮಾತ್ರ, ವಿಶೇಷವಾಗಿ ಉಬ್ಬು ದೊಡ್ಡದಿರುವವರು, ಕೇಳದೆ ಮಾಡಬಾರದು.

ಆಂಟಿಬಯಾಟಿಕ್ ಚೀಟಿಯ ಮೇಲೆ ಕಣ್ಣಿಡಿ

ಇದನ್ನು ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಮಧುಮೇಹಿಗಳಿಗೆ ಮೂತ್ರದ ಸೋಂಕು, ಕಾಲಿನ ಹುಣ್ಣಿನ ಸೋಂಕು ಪದೇ ಪದೇ ಬರುತ್ತವೆ. ಅವಕ್ಕೆ ಬರೆದುಕೊಡುವ ಔಷಧಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಫ್ಲೋರೊಕ್ವಿನೊಲೋನ್ ಗುಂಪು ಇದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು: ಮಹಾಪಧಮನಿಯ ಅನ್ಯೂರಿಸಂ ಇರುವವರಿಗೆ, ಬರುವ ಅಪಾಯ ಹೆಚ್ಚಿರುವವರಿಗೆ ಬೇರೆ ದಾರಿ ಇದ್ದರೆ ಈ ಗುಂಪಿನ ಔಷಧ ಬೇಡ, ಗೋಡೆ ಸೀಳುವ ಅಥವಾ ಒಡೆಯುವ ಅಪಾಯ ಹೆಚ್ಚಬಹುದು. ಅದೇ ವರ್ಷದ ಜುಲೈನಲ್ಲಿ ಅದೇ ಗುಂಪಿನ ಬಗ್ಗೆ ಇನ್ನೊಂದು ಎಚ್ಚರಿಕೆ ಬಂದಿತ್ತು: ಸಕ್ಕರೆ ಇಳಿಸುವ ಮಾತ್ರೆಗಳ ಜೊತೆ ಸೇರಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಮಧುಮೇಹ, ಅನ್ಯೂರಿಸಂ ಎರಡೂ ಇರುವ ನಿಮಗೆ ಎರಡು ಎಚ್ಚರಿಕೆಗಳೂ ಅನ್ವಯಿಸುತ್ತವೆ. ಸೋಂಕಿಗೆ ಔಷಧ ಬರೆಯುವ ವೈದ್ಯರಿಗೆ ನಿಮ್ಮ ಸಕ್ಕರೆ ಗೊತ್ತಿರುತ್ತದೆ, ಉಬ್ಬಿನ ವಿಷಯ ಗೊತ್ತಿರಲಿಕ್ಕಿಲ್ಲ. ಪೆನ್ನು ಕಾಗದಕ್ಕೆ ತಾಗುವ ಮೊದಲೇ ಹೇಳಿಬಿಡಿ. ಕೆಲವೊಮ್ಮೆ ಬೇರೆ ಔಷಧ ಕೆಲಸ ಮಾಡದೆ ಇದನ್ನೇ ಕೊಡಬೇಕಾಗಬಹುದು. ಆಗ ತೀರ್ಮಾನ ವೈದ್ಯರದು, ಆದರೆ ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ.

ಶಸ್ತ್ರಚಿಕಿತ್ಸೆಯ ಹೊತ್ತು ಬಂದರೆ

ಎರಡು ದಾರಿಗಳಿವೆ. ಹೊಟ್ಟೆ ತೆರೆದು ಉಬ್ಬಿದ ಭಾಗಕ್ಕೆ ಕೃತಕ ನಾಳ ಹೊಲಿಯುವುದು ಒಂದು. ತೊಡೆಸಂದಿನ ನಾಳದ ಮೂಲಕ ಒಳಗೊಂದು ಬಟ್ಟೆಯ ಕೊಳವೆಯನ್ನು ಕೂರಿಸುವುದು ಇನ್ನೊಂದು. ಇವೆರಡೂ ಬರುವ ಮುನ್ನ ವೈದ್ಯರು ಎಷ್ಟು ಪರದಾಡಿದ್ದರು ಎಂಬುದಕ್ಕೆ ಆಲ್ಬರ್ಟ್ ಐನ್‌ಸ್ಟೈನ್ ಸಾಕ್ಷಿ. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್, ಐನ್‌ಸ್ಟೈನ್ ಅವರ ಉಬ್ಬಿದ ಮಹಾಪಧಮನಿಗೆ ಸೆಲ್ಲೋಫೇನ್ ಹಾಳೆ ಸುತ್ತಿದರು, ಸುತ್ತಲೂ ಗಾಯದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗಲಿ ಎಂದು. ಆ ಹಾಳೆ ಆರು ವರ್ಷಕ್ಕೂ ಹೆಚ್ಚು ಕಾಲ ತಡೆಯಿತು. 1955ರ ಏಪ್ರಿಲಿನಲ್ಲಿ ಉಬ್ಬು ಒಡೆದು ಅವರು ತೀರಿಕೊಂಡರು. ಪೈಪು ಸೇದುವುದು ಅವರ ಬಹುಕಾಲದ ಅಭ್ಯಾಸವಾಗಿತ್ತು.

ಮಧುಮೇಹಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಮಾತ್ರೆಗಳ ಸುತ್ತ ಇವೆ. ಕೊಳವೆ ಕೂರಿಸುವ ಮುನ್ನ ಬಣ್ಣದ ದ್ರವ ಚುಚ್ಚಿ ಸಿ.ಟಿ. ತೆಗೆಯುತ್ತಾರೆ. ಆ ದ್ರವ ಮೂತ್ರಪಿಂಡಕ್ಕೆ ಭಾರ. ಮೂತ್ರಪಿಂಡದ ಶಕ್ತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮೊದಲೇ ಆಗಿರಲಿ. ಮೂತ್ರಪಿಂಡದ ಶಕ್ತಿ ಕುಗ್ಗಿದವರಿಗೆ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆಗಳ ನಂತರ ರಕ್ತ ಪರೀಕ್ಷಿಸಿ ಮತ್ತೆ ಆರಂಭಿಸುತ್ತಾರೆ. ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಎಂದಿರುವ ಮಾತ್ರೆ, ಅಂದರೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ನಿಮ್ಮ ಪಟ್ಟಿಯಲ್ಲಿದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆಯ ಅಂಕಿ ಸರಿಯಾಗಿಯೇ ಇದ್ದೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ತೂಕ, ಸಕ್ಕರೆ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದ್ದರೆ ಅರಿವಳಿಕೆ ತಜ್ಞರಿಗೆ ತಿಳಿಸಿ, ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಪಟ್ಟಿ ಹಿಡಿದು ಒಂದೊಂದನ್ನೂ ಕೇಳಿ.

ತುರ್ತಿನಲ್ಲಿ ಸಕ್ಕರೆ ಕುಸಿತ ಎಂದು ಮೋಸಹೋಗಬೇಡಿ

ಈ ಭಾಗವನ್ನು ಮನೆಯವರೂ ಓದಲಿ. ಉಬ್ಬು ಒಡೆದಾಗ ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು ಬರುತ್ತದೆ, ಕೆಲವೊಮ್ಮೆ ತೊಡೆಸಂದಿಗೆ ಇಳಿಯುತ್ತದೆ. ಮೈ ತಣ್ಣಗೆ ಬೆವರುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೂತ್ರಪಿಂಡದ ಕಲ್ಲಿನ ನೋವೆಂದು ಇದನ್ನು ತಪ್ಪಾಗಿ ಭಾವಿಸುವುದುಂಟು. ಮಧುಮೇಹಿಯ ಮನೆಯಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ: ಬೆವರು, ನಡುಕ, ತಲೆಸುತ್ತು ಕಂಡೊಡನೆ ಸಕ್ಕರೆ ಇಳಿದಿದೆ ಎಂದು ಗ್ಲೂಕೋಸ್ ಕುಡಿಸಿ, ಮಲಗಿಸಿ, ಸರಿಹೋಗಲಿ ಎಂದು ಕಾಯುವುದು.

ಗ್ಲೂಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಲು ಅರ್ಧ ನಿಮಿಷ ಸಾಕು. ಸಕ್ಕರೆ ಇಳಿದಿದ್ದರೆ ಎಂದಿನಂತೆ ಗ್ಲೂಕೋಸ್ ಕೊಡಿ. ಇಳಿದಿಲ್ಲ, ಆದರೂ ಮನುಷ್ಯ ಬೆವರುತ್ತಿದ್ದಾನೆ ಎಂದರೆ ಒಂದು ಕ್ಷಣವೂ ಕಾಯಬೇಡಿ. ನೋವಿದ್ದರೆ ಸಕ್ಕರೆ ಎಷ್ಟೇ ಇರಲಿ, ಮೀಟರಿನ ಹುಡುಕಾಟದಲ್ಲೂ ಹೊತ್ತು ಕಳೆಯಬೇಡಿ, ಮೊದಲು ಆಂಬುಲೆನ್ಸಿಗೆ ಕರೆ ಮಾಡಿ. ಫೋನಿನಲ್ಲಿ ಮೊದಲ ವಾಕ್ಯವೇ "ಇವರಿಗೆ ಹೊಟ್ಟೆಯ ಮಹಾಪಧಮನಿಯಲ್ಲಿ ಅನ್ಯೂರಿಸಂ ಇದೆ, ಕಳೆದ ಸ್ಕ್ಯಾನಿನಲ್ಲಿ ಇಷ್ಟು ಸೆಂ.ಮೀ. ಇತ್ತು" ಎಂದಿರಲಿ, ಮಧುಮೇಹದ ವಿಷಯ ಎರಡನೆಯದು. ರಕ್ತನಾಳ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆ ಯಾವುದೆಂದು ಇವತ್ತೇ ಕೇಳಿ ತಿಳಿದು, ಅದರ ಹೆಸರನ್ನೂ ಕೊನೆಯ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದು ಗ್ಲೂಕೋಮೀಟರಿನ ಡಬ್ಬಿಯೊಳಗೇ ಇಡಿ. ಆ ಹೊತ್ತಿನಲ್ಲಿ ಮನೆಯವರ ಕೈ ಹೋಗುವುದು ಮೊದಲು ಅಲ್ಲಿಗೇ.